ಗ್ರೀಕ್-ಅರಬ್ಬೀ ವೈದ್ಯಗ್ರಂಥಗಳ ಆದಿಮುದ್ರಣಗಳು ಮತ್ತು ಬಿಜಾಪುರ ಸೀಮೆಯ ಔಷಧನಾಮಗಳು

ಗ್ರೀಕ್ ಮತ್ತು ಅರಬ್ಬೀ ವೈದ್ಯಗ್ರಂಥಗಳ ಆದಿಮುದ್ರಣಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಇಟಲಿಯಲ್ಲಿ ಆರಂಭಿಸಿ ಇಟಲಿಯ ಸುತ್ತಮುತ್ತಲೇ ಮುಗಿಸುತ್ತಾರೆ. ಇಬ್ನ್ ಸೀನಾನ ‘ಅಲ್ ಕಾನೂನ್’ ಲ್ಯಾಟಿನ್ ರೂಪದಲ್ಲಿ 1473ರಲ್ಲಿ ಮಿಲಾನಿನಲ್ಲಿ ಅಚ್ಚಾದದ್ದು, ಡಯೋಸ್ಕೊರೈಡಿಸನ ಔಷಧಕೋಶದ ಗ್ರೀಕ್ ಮೂಲ 1499ರಲ್ಲಿ ವೆನಿಸ್ಸಿನ ಆಲ್ಡಸ್ ಮುದ್ರಣಾಲಯದಿಂದ ಹೊರಬಂದದ್ದು, ಅದೇ ಮುದ್ರಣಾಲಯ 1525ರಲ್ಲಿ ಗ್ಯಾಲೆನ್ನನ ಗ್ರೀಕ್ ಕೃತಿಗಳನ್ನು ಐದು ಸಂಪುಟಗಳಲ್ಲಿಯೂ 1526ರಲ್ಲಿ ಹಿಪ್ಪೊಕ್ರೇಟಿಸನ ಕೃತಿಗಳನ್ನೂ ಪ್ರಕಟಿಸಿದ್ದು, ಕೊನೆಗೆ 1593ರಲ್ಲಿ ‘ಕಾನೂನ್’ನ ಅರಬ್ಬೀ ಮೂಲವೇ ರೋಮಿನ ಮೆಡಿಚಿ ಮುದ್ರಣಾಲಯದಲ್ಲಿ ಅಚ್ಚಾದದ್ದು, ಇವು ಆ ಚರಿತ್ರೆಯ ಮೈಲಿಗಲ್ಲುಗಳು. ಹಸ್ತಪ್ರತಿಕಾರರ ಪ್ರಮಾದಗಳಿಂದ ಕೆಟ್ಟಿದ್ದ ಪ್ರಾಚೀನ ವೈದ್ಯಕ್ಕೆ ಮುದ್ರಣವು ಸ್ಥಿರವೂ ಶುದ್ಧವೂ ಆದ ಪಾಠವನ್ನು ಒದಗಿಸಿತು ಎಂಬುದು ಈ ಕಥನದ ತಾತ್ಪರ್ಯ. ಕನ್ನಡದ ವೈದ್ಯಸಾಹಿತ್ಯವನ್ನು ಕುರಿತು ಬರೆದವರೂ ಇದೇ ಮಾತನ್ನು ಬೇರೆ ರೀತಿಯಲ್ಲಿ ಒಪ್ಪಿಕೊಂಡಿದ್ದಾರೆ. ನಮ್ಮಲ್ಲಿ ಅಚ್ಚು ತಡವಾಗಿ ಬಂದುದರಿಂದ ವೈದ್ಯಜ್ಞಾನ ಕಟ್ಟುಗಳಲ್ಲಿಯೇ ಉಳಿದು ಬಡವಾಯಿತು ಎಂದು ಅವರು ಭಾವಿಸುತ್ತಾರೆ.

ಈ ಅಭಿಪ್ರಾಯದ ಪೂರ್ವಾರ್ಧವೇ ಪುನರ್ವಿಮರ್ಶೆಗೆ ಅರ್ಹವಾಗಿದೆ. ಮುದ್ರಣವು ವಾಕ್ಯವನ್ನು ಸ್ಥಿರಗೊಳಿಸಿತು, ನಿಜ. ಆದರೆ ಔಷಧಗ್ರಂಥದಲ್ಲಿ ವಾಕ್ಯಕ್ಕಿಂತ ಮುಖ್ಯವಾದುದು ಹೆಸರು. ಆ ಹೆಸರು ಯಾವ ಗಿಡವನ್ನು, ಯಾವ ಅಂಟನ್ನು, ಯಾವ ಖನಿಜವನ್ನು ಸೂಚಿಸುತ್ತದೆ ಎಂಬುದನ್ನು ಅಚ್ಚಿನ ಮೊಳೆ ನಿರ್ಧರಿಸಲಾರದು. ತಪ್ಪು ಹೆಸರು ಹಸ್ತಪ್ರತಿಯಲ್ಲಿದ್ದರೆ ಒಬ್ಬ ವೈದ್ಯ ಎಡವುತ್ತಾನೆ. ಅದೇ ಅಚ್ಚಾದರೆ ನೂರಾರು ಜನ ಒಂದೇ ರೀತಿಯಲ್ಲಿ, ಪ್ರಮಾಣಗ್ರಂಥದ ಧೈರ್ಯದಿಂದ ಎಡವುತ್ತಾರೆ. ಇದಕ್ಕೆ ನಿದರ್ಶನವಾಗಿ ಒಂದು ಪದದ ಚರಿತ್ರೆಯನ್ನು ಪರಿಶೀಲಿಸಬಹುದು. ಆ ಪದ ಸಂಸ್ಕೃತದಲ್ಲಿ ‘ತ್ವಕ್‌ಕ್ಷೀರ’, ಕನ್ನಡದ ವೈದ್ಯರ ಬಾಯಲ್ಲಿ ‘ತವಕ್ಷೀರ’, ಪಾರ್ಸಿ-ಅರಬ್ಬಿಗಳಲ್ಲಿ ‘ತಬಾಶೀರ್’.

ತವಕ್ಷೀರವೆಂದರೆ ಬಿದಿರಿನ ಗೆಣ್ಣುಗಳ ನಡುವಣ ಪೊಳ್ಳಿನಲ್ಲಿ ರಸ ಒಣಗಿ ಕಟ್ಟುವ ಬಿಳಿಯ ಹರಳು. ಇದನ್ನೇ ವಂಶಲೋಚನವೆಂದೂ ಬಿದಿರುಪ್ಪೆಂದೂ ಕರೆಯುತ್ತಾರೆ. ಅದರ ಬಹುಭಾಗ ಸಿಲಿಕಾ. ಭಾರತದ ಕರಾವಳಿಯಿಂದ ಇದು ಸರಕಾಗಿ ಪಶ್ಚಿಮಕ್ಕೆ ಹೋಯಿತು. ಹೆಸರು ಸರಕಿನೊಡನೆ ಪಯಣಿಸಿ ‘ತಬಾಶೀರ್’ ಆಯಿತು. ಬಿದಿರುಮೆಳೆಯನ್ನು ಕಾಣದ ನಾಡಿನಲ್ಲಿ ಕುಳಿತಿದ್ದ ಇಬ್ನ್ ಸೀನಾ ಇದನ್ನು ಸುಟ್ಟ ಜೊಂಡುಬೇರಿನ ಬೂದಿಯೆಂದು ತಿಳಿದನು. ಹನ್ನೆರಡನೆಯ ಶತಮಾನದಲ್ಲಿ ತೊಲೆಡೊ ನಗರದಲ್ಲಿ ‘ಕಾನೂನ್’ಅನ್ನು ಲ್ಯಾಟಿನ್ನಿಗೆ ತಂದ ಕ್ರೆಮೋನಾದ ಜೆರಾರ್ಡ್, ಬೂದಿಯೆಂಬ ಈ ವಿವರಣೆಯನ್ನು ನಂಬಿ ‘ತಬಾಶೀರ್’ ಎಂಬಲ್ಲಿ ‘ಸ್ಪೋಡಿಯಂ’ ಎಂಬ ಪದವನ್ನು ಇಟ್ಟನು. ಗ್ರೀಕರಲ್ಲಿ ‘ಸ್ಪೋಡೊಸ್’ ಎಂದರೆ ಬೂದಿ ಹೌದು. ಆದರೆ ಡಯೋಸ್ಕೊರೈಡಿಸನ ಔಷಧಕೋಶದಲ್ಲಿ ಅದು ತಾಮ್ರ ಕರಗಿಸುವ ಕುಲುಮೆಯಲ್ಲಿ ಸಂಗ್ರಹವಾಗುವ ಲೋಹಭಸ್ಮ. ಲೋಹಭಸ್ಮ ಸಿಗದಿದ್ದಾಗ ಅದಕ್ಕೆ ಬದಲಾಗಿ ಬಳಸಬಹುದಾದ ಸೊಪ್ಪುಗಳ ಬೂದಿಯನ್ನೂ ಅವನು ಹೇಳಿದ್ದಾನೆ. ಮಧ್ಯಯುಗದ ಯೂರೋಪಿನ ಔಷಧದಂಗಡಿಗಳಲ್ಲಂತೂ ‘ಸ್ಪೋಡಿಯಂ’ ಎಂಬ ಹೆಸರಿನಲ್ಲಿ ಸುಟ್ಟ ಆನೆದಂತವೂ ಮಾರಾಟವಾಗುತ್ತಿತ್ತು. ಹೀಗೆ ಪಿತ್ತವನ್ನು ಶಮನಮಾಡಲು ಒಳಗೆ ಕೊಡಬೇಕಾದ ಬಿದಿರಿನ ಹರಳು, ಪ್ರಧಾನವಾಗಿ ಹೊರಲೇಪಕ್ಕೆ ಬಳಸುವ ಕುಲುಮೆಯ ಮಸಿ, ಸುಟ್ಟ ದಂತ, ಈ ಮೂರೂ ಒಂದೇ ಹೆಸರಿನ ಕೆಳಗೆ ಕುಳಿತವು.

ಜೆರಾರ್ಡನ ಅನುವಾದ ಹಸ್ತಪ್ರತಿಯಲ್ಲಿದ್ದಾಗ ಇದು ಒಂದು ಪ್ರಮಾದ. 1473ರ ಮೇಲೆ ಇದು ಸಂಪ್ರದಾಯವಾಯಿತು. ಹದಿನೈದನೆಯ ಶತಮಾನ ಮುಗಿಯುವ ಮೊದಲೇ ಲ್ಯಾಟಿನ್ ‘ಕಾನೂನ್’ ಹತ್ತಕ್ಕೂ ಹೆಚ್ಚು ಬಾರಿ ಅಚ್ಚಾಯಿತು. ವಿಶ್ವವಿದ್ಯಾಲಯಗಳಲ್ಲಿ ಅದೇ ಪಠ್ಯ. ಫೆರಾರಾದ ನಿಕೊಲೊ ಲಿಯೊನಿಚೆನೊ 1492ರಲ್ಲಿ ಪ್ಲಿನಿ ಮೊದಲಾದವರ ವೈದ್ಯದೋಷಗಳನ್ನು ಕುರಿತ ಖಂಡನಗ್ರಂಥವನ್ನು ಪ್ರಕಟಿಸಿ, ಔಷಧನಾಮಗಳ ಗೊಂದಲ ರೋಗಿಯ ಪ್ರಾಣಕ್ಕೇ ಕುತ್ತೆಂದು ಎಚ್ಚರಿಸಿದನು. ಅವನ ಎಚ್ಚರಿಕೆ ಸರಿಯಾಗಿತ್ತು. ಆದರೆ ಅವನು ಸೂಚಿಸಿದ ಪರಿಹಾರ ಗ್ರೀಕ್ ಮೂಲಕ್ಕೆ ಮರಳುವುದಾಗಿತ್ತು. ತಬಾಶೀರದಂತಹ ದ್ರವ್ಯ ಗ್ರೀಕರಿಗೆ ತಿಳಿದಿದ್ದುದೇ ಅಲ್ಲವಾದ್ದರಿಂದ ಎಷ್ಟು ಶುದ್ಧವಾದ ಗ್ರೀಕ್ ಪಾಠವನ್ನು ಅಚ್ಚುಹಾಕಿದರೂ ಈ ಗಂಟು ಬಿಚ್ಚುವಂತಿರಲಿಲ್ಲ. ಮಾನವತಾವಾದಿ ಪಂಡಿತರ ಪಾಠಪರಿಷ್ಕರಣದ ಮಿತಿ ಇಲ್ಲಿ ಸ್ಪಷ್ಟವಾಗುತ್ತದೆ. ಅವರಿಗಿಂತ ಬೇರೆ ದಾರಿ ಹಿಡಿದವನು ಬೆಲ್ಲುನೊ ಊರಿನ ಆಂದ್ರಿಯಾ ಅಲ್ಪಾಗೊ. ಡಮಾಸ್ಕಸ್ಸಿನಲ್ಲಿ ಸುಮಾರು ಮೂವತ್ತು ವರ್ಷ ವೈದ್ಯನಾಗಿದ್ದು, ಅರಬ್ಬೀ ಕಲಿತು, ಜೆರಾರ್ಡನ ಅನುವಾದವನ್ನು ತಿದ್ದಿ, ಅರಬ್ಬೀ ಪದಗಳಿಗೆ ಕೋಶವೊಂದನ್ನು ರಚಿಸಿದನು. ಅವನ ಮರಣಾನಂತರ ಇದು 1527ರಲ್ಲಿ ವೆನಿಸ್ಸಿನಲ್ಲಿ ಅಚ್ಚಾಯಿತು. ಗ್ರಂಥದೊಡನೆ ಗ್ರಂಥವನ್ನು ಹೋಲಿಸುವುದರ ಜೊತೆಗೆ ಆ ಭಾಷೆಯನ್ನಾಡುವ ವೈದ್ಯರನ್ನು ಕೇಳಿ ತಿದ್ದಿದ್ದು ಅಲ್ಪಾಗೊನ ಹೆಚ್ಚುಗಾರಿಕೆ.

ಈ ಎರಡನೆಯ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ ಗ್ರಂಥ ಅಚ್ಚಾದದ್ದು ಇಟಲಿಯಲ್ಲಲ್ಲ, ಗೋವೆಯಲ್ಲಿ. ಗೋವೆ 1510ರವರೆಗೆ ಬಿಜಾಪುರದ ಆದಿಲಶಾಹಿಗಳ ಬಂದರು. ಪೋರ್ಚುಗೀಸರ ವಶವಾದ ಮೇಲೂ ಅದರ ಒಳನಾಡು ಬಹುಕಾಲ ಬಿಜಾಪುರದ್ದೇ ಆಗಿತ್ತು. ಗಾರ್ಸಿಯಾ ದ ಓರ್ಟಾ 1534ರಲ್ಲಿ ಲಿಸ್ಬನ್ನಿನಿಂದ ಹೊರಟು ಭಾರತಕ್ಕೆ ಬಂದ ಪೋರ್ಚುಗೀಸ್ ವೈದ್ಯ. ಸಲಮಾಂಕಾ ಮತ್ತು ಅಲ್ಕಲಾಗಳಲ್ಲಿ ಓದಿದವನು. ಬಲವಂತದ ಮತಾಂತರಕ್ಕೆ ಒಳಗಾದ ಯೆಹೂದಿ ಮನೆತನದವನು. ಗೋವೆಯಲ್ಲಿ ನೆಲೆಸಿ, ಅಹಮದನಗರದ ಬುರ್ಹಾನ್ ನಿಜಾಮಶಾಹನಿಗೆ ಚಿಕಿತ್ಸೆ ಮಾಡಿ, ಆ ಆಸ್ಥಾನದ ಅರಬ್ಬೀ-ಪಾರ್ಸಿ ಹಕೀಮರೊಡನೆ ವಾದಿಸಿ, ಸುಮಾರು ಮೂರು ದಶಕಗಳ ಅನುಭವವನ್ನು 1563ರಲ್ಲಿ ‘ಭಾರತದ ಮೂಲಿಕೆ ಮತ್ತು ಔಷಧಗಳನ್ನು ಕುರಿತ ಸಂವಾದಗಳು’ ಎಂಬರ್ಥದ ಪೋರ್ಚುಗೀಸ್ ಗ್ರಂಥವಾಗಿ ಹೊರತಂದನು. ಮುದ್ರಕ ಜೊವಾನ್ ದ ಎಂಡೆಮ್. ಗೋವೆಗೆ ಅಚ್ಚುಕೂಟ ಬಂದು ಆಗ ಏಳು ವರ್ಷ ಮಾತ್ರ ಕಳೆದಿತ್ತು.

ಈ ಕೃತಿಯನ್ನು ಸಸ್ಯಶಾಸ್ತ್ರದ ಆದಿಗ್ರಂಥಗಳಲ್ಲೊಂದೆಂದು ಪರಿಗಣಿಸುವುದು ರೂಢಿ. ಅಷ್ಟೇ ಸಮರ್ಥವಾಗಿ ಇದನ್ನು ಗ್ರಂಥವಿಮರ್ಶೆಯೆಂದೂ ಓದಬಹುದು. ಸಂವಾದದಲ್ಲಿ ಇಬ್ಬರು ಮುಖ್ಯ ಪಾತ್ರಧಾರಿಗಳು. ರುವಾನೊ ಎಂಬ ಕಲ್ಪಿತ ಪಂಡಿತ ಸ್ಪೇನಿನಿಂದ ಹೊಸದಾಗಿ ಬಂದವನು; ಅಚ್ಚಾದ ಡಯೋಸ್ಕೊರೈಡಿಸ್, ಗ್ಯಾಲೆನ್, ಅವಿಸೆನ್ನಾ, ಸೆರಾಪಿಯನ್ ಇವರೆಲ್ಲ ಅವನ ನಾಲಿಗೆಯ ಮೇಲಿದ್ದಾರೆ. ಅವನಿಗೆ ಉತ್ತರ ಕೊಡುವವನು ಓರ್ಟಾ. ರುವಾನೊ ಗ್ರಂಥವನ್ನು ಉದ್ಧರಿಸುತ್ತಾನೆ. ಓರ್ಟಾ ತಾನು ಕಂಡದ್ದನ್ನೂ ವ್ಯಾಪಾರಿಯಿಂದ, ಗುಜರಾತಿನ ವರ್ತಕನಿಂದ, ಸ್ಥಳೀಯ ವೈದ್ಯನಿಂದ ಕೇಳಿದ್ದನ್ನೂ ಮುಂದಿಡುತ್ತಾನೆ. ಸ್ಪೇನಿನಲ್ಲಿದ್ದಾಗ ಗ್ಯಾಲೆನ್ನನ ವಿರುದ್ಧ ಮಾತಾಡುವ ಧೈರ್ಯ ತನಗಿರಲಿಲ್ಲವೆಂದು ಅವನೇ ಒಪ್ಪಿಕೊಂಡಿದ್ದಾನೆ. ಸ್ಪೋಡಿಯಮ್ಮಿನ ಪ್ರಸಂಗ ಬಂದಾಗ ಅವನ ನಿಲುವು ಖಚಿತವಾಗಿದೆ. ಲ್ಯಾಟಿನ್ ‘ಕಾನೂನ್’ನಲ್ಲಿ ಈ ಪದವಿರುವ ಕಡೆಗಳಲ್ಲಿ ತಬಾಶೀರವನ್ನೇ ತಿಳಿಯಬೇಕು, ಗ್ರೀಕರ ಸ್ಪೋಡೊಸ್ ಬೇರೆಯೇ ವಸ್ತು, ತಬಾಶೀರ ಬೂದಿಯೇ ಅಲ್ಲ, ಅದು ಬಿದಿರಿನೊಳಗೆ ಹುಟ್ಟುವ ದ್ರವ್ಯ. ಇಲ್ಲಿಯ ಜನ ಅದನ್ನು ಬಿದಿರಿನ ಸಕ್ಕರೆ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ ಎಂಬುದನ್ನೂ ಅವನು ಗುರುತಿಸಿದ್ದಾನೆ. ತೊಂಬತ್ತು ವರ್ಷಗಳ ಕಾಲ ಯೂರೋಪಿನ ಮುದ್ರಣಾಲಯಗಳು ಒಂದಾದ ಮೇಲೊಂದರಂತೆ ಅಚ್ಚುಹಾಕಿದ ತಪ್ಪನ್ನು ಮಾಂಡೋವಿ ನದಿಯ ದಂಡೆಯ ಒಂದು ಪುಟ್ಟ ಅಚ್ಚುಕೂಟ ಹೀಗೆ ಎತ್ತಿ ತೋರಿಸಿತು.

ಓರ್ಟಾನ ವಿಮರ್ಶೆಯ ಸಮತೋಲ ಗಮನಾರ್ಹ. ಲಿಯೊನಿಚೆನೊ ಮೊದಲಾದ ಹೊಸ ಪಂಡಿತರು ಗ್ರೀಕರನ್ನು ಎತ್ತಲು ಅರಬ್ಬರನ್ನು ಇಳಿಸಿದರು. ಓರ್ಟಾ ಅವಿಸೆನ್ನಾನ ತಪ್ಪನ್ನು ತೋರಿಸಿಯೂ, ಪೂರ್ವದೇಶದ ಔಷಧಗಳ ಮಟ್ಟಿಗೆ ಗ್ರೀಕರಿಗಿಂತ ಅರಬ್ಬರು ಹತ್ತಿರದಿಂದ ಬಲ್ಲವರೆಂದು ಅವರ ಪರವಾಗಿ ವಾದಿಸಿದನು. ‘ಬೆಲ್ಲುನೊದವನು’ ಎಂದು ಅಲ್ಪಾಗೊನನ್ನು ಮತ್ತೆ ಮತ್ತೆ ಗೌರವದಿಂದ ನೆನೆದನು. ಲೋಳೆಸರದ ಪ್ರಸಂಗದಲ್ಲಿ ಅರಬ್ಬೀ, ಗುಜರಾತಿ, ದಖ್ಖನಿ, ‘ಕನಾರಿಂ’ ಹೆಸರುಗಳನ್ನು ಸಾಲಾಗಿ ಕೊಟ್ಟನು. ದತ್ತೂರಿಯ ಪ್ರಸಂಗದಲ್ಲಿ ಮಲಬಾರಿನ ‘ಉನ್ಮತ್ತಕಾಯ’ದ ರೂಪವನ್ನು ದಾಖಲಿಸಿದನು. ಇಂಗಿನ ಪ್ರಸಂಗದಲ್ಲಿ ಅವನು ಹೇಳುವ ಒಂದು ಕಥೆಯಂತೂ ಸ್ವಾರಸ್ಯಕರವಾಗಿದೆ. ವಿಜಯನಗರದಲ್ಲಿ ಪೋರ್ಚುಗೀಸನೊಬ್ಬನ ಬೆಲೆಬಾಳುವ ಕುದುರೆಗೆ ವಾಯುಬಾಧೆಯಿದ್ದುದರಿಂದ ಅರಸ ಕೊಳ್ಳಲೊಲ್ಲದೆ ಹೋದನಂತೆ. ಒಡೆಯನು ಹಿಟ್ಟಿನಲ್ಲಿ ಇಂಗು ಬೆರೆಸಿ ತಿನ್ನಿಸಿ ಅದನ್ನು ಗುಣಪಡಿಸಿದಾಗ, ಅದು ದೇವತೆಗಳ ಆಹಾರವೆಂದ ಮೇಲೆ ಆಶ್ಚರ್ಯವೇನು ಎಂದು ಅರಸ ಅಂದನಂತೆ. ದೇವತೆಗಳದ್ದಲ್ಲ, ದೆವ್ವಗಳದ್ದು ಎಂದು ಪೋರ್ಚುಗೀಸನು ತನ್ನ ಭಾಷೆಯಲ್ಲಿ ಗೊಣಗಿಕೊಂಡನಂತೆ. ಗ್ರೀಕರ ‘ಸಿಲ್ಫಿಯಂ’ ಇದೇ ಇಂಗೇ ಅಲ್ಲವೇ ಎಂಬ ಒಣ ಚರ್ಚೆಯ ನಡುವೆ ಬರುವ ಈ ಕಥೆ, ದ್ರವ್ಯವನ್ನು ಬಳಕೆಯಿಂದ ಗುರುತಿಸಬೇಕೆಂಬ ಅವನ ಕ್ರಮಕ್ಕೆ ಸಾಕ್ಷಿಯೂ ಹೌದು.

ಇಲ್ಲಿ ಕನ್ನಡ ಸಂಶೋಧಕರಿಗೆ ಒಂದು ಎಚ್ಚರಿಕೆ ಅಗತ್ಯ. ಓರ್ಟಾನ ‘ಕನಾರಿಂ’ ಎಂಬ ಮಾತನ್ನು ಕಂಡೊಡನೆ ಅದನ್ನು ಕನ್ನಡವೆಂದು ಹಿಗ್ಗುವುದು ಸಲ್ಲದು. ಅವನೇ ಹೇಳುವಂತೆ ಅದು ಗೋವೆಯ ಕಡಲಂಚಿನ ನಿವಾಸಿಗಳ ನುಡಿ. ಲೋಳೆಸರಕ್ಕೆ ಅವನು ಕೊಡುವ ‘ಕಾಟೆಕೊಮೆರ್’ ಎಂಬ ರೂಪ ಕೊಂಕಣಿಯ ‘ಕಾಂಟೆ ಕುಂವೋರ’ಕ್ಕೆ ಹತ್ತಿರವಾಗಿದೆ. ಸಂವಾದದಲ್ಲಿ ಬಂದುಹೋಗುವ ಮಾಲುಪಾ ಎಂಬ ಹಿಂದೂ ವೈದ್ಯನ ಹೆಸರಿನಲ್ಲಿ ಮಾಳಪ್ಪನ ನೆರಳು ಕಂಡರೂ ಅದು ಊಹೆಯಷ್ಟೇ. ಘಟ್ಟದ ಮೇಲಿನ ಕನ್ನಡ ಔಷಧನಾಮಗಳನ್ನು ಓರ್ಟಾ ದಾಖಲಿಸಲಿಲ್ಲವೆಂದೇ ತಿಳಿಯುವುದು ಕ್ಷೇಮ.

ಗೋವೆಯ ಮುದ್ರಣವೂ ನಿರ್ದುಷ್ಟವಾಗಿರಲಿಲ್ಲ. ಗ್ರಂಥದ ಕೊನೆಯಲ್ಲಿರುವ ಶುದ್ಧಿಪತ್ರವೇ ಇಪ್ಪತ್ತು ಪುಟಗಳ ಸಮೀಪಕ್ಕೆ ಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಆಮೇಲೆ ಸಂಭವಿಸಿತು. ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ ಈ ಕೃತಿಯನ್ನು ಲ್ಯಾಟಿನ್ನಿನಲ್ಲಿ ಸಂಗ್ರಹಿಸಿ 1567ರಲ್ಲಿ ಆಂಟ್ವರ್ಪ್‌ನಲ್ಲಿ ಪ್ರಕಟಿಸಿದನು. ಯೂರೋಪು ಓರ್ಟಾನನ್ನು ಓದಿದ್ದು ಪ್ರಧಾನವಾಗಿ ಈ ಸಂಗ್ರಹದ ಮೂಲಕ. ಕ್ಲೂಸಿಯಸ್ ಸಂವಾದವನ್ನು ಕಿತ್ತುಹಾಕಿ ವಿಷಯವನ್ನು ವರ್ಗೀಕರಿಸಿದನು. ವಿದ್ವತ್ತಿನ ದೃಷ್ಟಿಯಿಂದ ಅದು ಅಚ್ಚುಕಟ್ಟಾಯಿತು. ಆದರೆ ಯಾರನ್ನು ಕೇಳಿ ಯಾವ ಹೆಸರು ತಿಳಿಯಿತು, ಎಲ್ಲಿ ಸಂಶಯ ಉಳಿಯಿತು, ಯಾವುದನ್ನು ಕಣ್ಣಾರೆ ಕಂಡದ್ದು, ಯಾವುದು ಬರಿಯ ಕೇಳಿಕೆ ಎಂಬ ಭೇದ ಸಂವಾದರೂಪದಲ್ಲಿಯೇ ಅಡಗಿತ್ತು. ರೂಪ ಹೋದೊಡನೆ ಸಾಕ್ಷ್ಯವೂ ತೆಳುವಾಯಿತು. ಓರ್ಟಾನ ಪಾಲಿಗಂತೂ ಕಾಲ ಇನ್ನಷ್ಟು ಕ್ರೂರವಾಗಿತ್ತು. 1568ರಲ್ಲಿ ಅವನು ತೀರಿಕೊಂಡ ಮರುವರ್ಷ ಅವನ ತಂಗಿ ಕತರೀನಾಳನ್ನು ಇನ್‌ಕ್ವಿಸಿಷನ್ ಸುಡಿಸಿತು. 1580ರಲ್ಲಿ ಅವನ ಎಲುಬುಗಳನ್ನೇ ಗೋರಿಯಿಂದ ತೆಗೆಸಿ ಸುಡಲಾಯಿತು. ಪೂರ್ಣಗ್ರಂಥದ ವಿದ್ವತ್ಪೂರ್ಣ ಆವೃತ್ತಿ ಫಿಕಾಲ್ಯೊ ಪ್ರಭುವಿನಿಂದ ಸಿದ್ಧವಾದದ್ದು 1891-95ರಲ್ಲಿ.

ಅದೇ ಕಾಲಕ್ಕೆ ಬಿಜಾಪುರದ ಆಸ್ಥಾನದಲ್ಲಿ ಏನಿತ್ತು? ಗ್ರೀಕ್-ಅರಬ್ಬೀ ವೈದ್ಯ ಅಲ್ಲಿ ಜೀವಂತವಾಗಿತ್ತು, ಆದರೆ ಅಚ್ಚಿನಲ್ಲಲ್ಲ. 1589ರಲ್ಲಿ ಬಿಜಾಪುರಕ್ಕೆ ಬಂದು ಎರಡನೆಯ ಇಬ್ರಾಹೀಮ್ ಆದಿಲಶಾಹನ ಆಶ್ರಯದಲ್ಲಿ ನೆಲೆನಿಂತ ಮಹಮ್ಮದ್ ಕಾಸಿಂ ಫಿರಿಶ್ತಾನನ್ನು ಚರಿತ್ರಕಾರನೆಂದು ಎಲ್ಲರೂ ಬಲ್ಲರು. ಅವನು ವೈದ್ಯನೂ ಆಗಿದ್ದನೆಂಬುದು, ‘ದಸ್ತೂರುಲ್ ಅತಿಬ್ಬಾ’ ಎಂಬ ವೈದ್ಯಗ್ರಂಥವನ್ನು ಪಾರ್ಸಿಯಲ್ಲಿ ರಚಿಸಿದನೆಂಬುದು ಕನ್ನಡದಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಯುನಾನಿ ಪರಂಪರೆಯಲ್ಲಿ ಬೆಳೆದ ಓದುಗನಿಗೆ ಭಾರತದ ವೈದ್ಯವನ್ನೂ ಇಲ್ಲಿಯ ಒಂಟಿ ಔಷಧ, ಮಿಶ್ರ ಔಷಧಗಳನ್ನೂ ಪರಿಚಯಿಸುವುದು ಅದರ ಉದ್ದೇಶ. ರೋಮಿನಲ್ಲಿ ‘ಕಾನೂನ್’ನ ಅರಬ್ಬೀ ಮೂಲ ಅಚ್ಚಾದಾಗ ಫಿರಿಶ್ತಾ ಬಿಜಾಪುರಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಪೂರ್ವದೇಶಗಳಲ್ಲಿ ಮಾರಲೆಂದೇ ಸಿದ್ಧಪಡಿಸಿದ ಮೆಡಿಚಿ ಮುದ್ರಣಾಲಯದ ಅರಬ್ಬೀ ಪುಸ್ತಕಗಳು ಹೆಚ್ಚಾಗಿ ಮಾರಾಟವಾಗದೆ ಉಳಿದವು. ಭಾರತದ ಹಕೀಮರಿಗೆ ಯುನಾನಿ ಗ್ರಂಥಗಳು ಅಚ್ಚಿನಲ್ಲಿ ಧಾರಾಳವಾಗಿ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಮೊದಲು ಕಲಕತ್ತೆಯಿಂದ, ಆಮೇಲೆ 1858ರಲ್ಲಿ ಆರಂಭವಾದ ಲಖನೌದ ನವಲಕಿಶೋರ ಮುದ್ರಣಾಲಯದ ಕಲ್ಲಚ್ಚಿನಿಂದ. ಬಿಜಾಪುರದ ಆಸಾರಮಹಲಿನಲ್ಲಿ ಉಳಿದಿದ್ದ ಅರಬ್ಬೀ-ಪಾರ್ಸಿ ಹಸ್ತಪ್ರತಿಗಳಾದರೋ 1853ರಲ್ಲಿ ಲಂಡನ್ನಿಗೆ ಸಾಗಿದವು. ಒಟ್ಟೊ ಲೋಟ್ 1877ರಲ್ಲಿ ಪ್ರಕಟಿಸಿದ ಇಂಡಿಯಾ ಆಫೀಸಿನ ಅರಬ್ಬೀ ಹಸ್ತಪ್ರತಿಸೂಚಿಯಲ್ಲಿ ಬಿಜಾಪುರದ ಸಂಗ್ರಹಕ್ಕೆ ಗಣ್ಯ ಸ್ಥಾನವಿದೆ. ಹೀಗೆ ಒಂದು ಆಸ್ಥಾನದ ಗ್ರಂಥಭಂಡಾರವು ಅದರ ಊರಿನ ಓದುಗರಿಗೆ ಸಿಗದ ದೂರಕ್ಕೆ ಹೋಯಿತು.

ಪುಸ್ತಕ ಹೋದರೂ ಪದ ಉಳಿಯಿತು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾದ ಮೇಲೆ ಬಿಜಾಪುರ ತಾಲ್ಲೂಕಿನೊಡನೆ ಮೂಲ ಜಿಲ್ಲೆಯಲ್ಲಿ ಉಳಿದವು ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳು. ಜಿಲ್ಲೆಯ ಹೆಸರು 2014ರಲ್ಲಿ ವಿಜಯಪುರವಾಯಿತು. ಮುಂದೆ ಇದೇ ತಾಲ್ಲೂಕುಗಳನ್ನು ಒಡೆದು ತಾಳಿಕೋಟೆ, ಚಡಚಣ, ಆಲಮೇಲ ಮೊದಲಾದ ಹೊಸ ತಾಲ್ಲೂಕುಗಳೂ ಆದವು. ಭೀಮೆ ಮತ್ತು ಕೃಷ್ಣೆಯರ ನಡುವಣ ಈ ಸೀಮೆಯ ಆಡುನುಡಿಯಲ್ಲಿ ಯುನಾನಿ ವೈದ್ಯದ ಮುಖ್ಯ ಪರಿಭಾಷೆಗಳು ಇಂದಿಗೂ ಬಳಕೆಯಲ್ಲಿವೆ. ‘ಯುನಾನಿ’ ಎಂಬ ಮಾತೇ ಗ್ರೀಕರ ಅಯೋನಿಯಾ ಪ್ರಾಂತದಿಂದ ಬಂದದ್ದು. ಗ್ಯಾಲೆನ್ನನು ಬಿಸಿ, ತಂಪು, ತೇವ, ಒಣಗುಗಳ ಮಿಶ್ರಣವನ್ನು ‘ಕ್ರಾಸಿಸ್’ ಎಂದನು. ಒಂಬತ್ತನೆಯ ಶತಮಾನದ ಬಾಗ್ದಾದಿನ ಅನುವಾದಕರು ಅದನ್ನು ‘ಮಿಜಾಜ್’ ಎಂದರು. ಅದು ಕನ್ನಡದ ‘ಮಿಜಾಜು’ ಆಯಿತು. ಸಂತೆಯಲ್ಲಿ ಯಾರಾದರೂ ಮಿಜಾಜು ತೋರಿಸಿದರೆ ಗ್ಯಾಲೆನ್ ನೆನಪಾಗುವುದಿಲ್ಲ, ಅದು ಬೇರೆ ಮಾತು. ಗಾಯಕ್ಕೆ ಹಚ್ಚುವ ‘ಮುಲಾಮು’ ಅರಬ್ಬಿಯ ‘ಮರ್ಹಮ್’ ಮೂಲಕ ಗ್ರೀಕರ ‘ಮಾಲಾಗ್ಮ’ಕ್ಕೆ ಹೋಗುತ್ತದೆ; ‘ಅಫೀಮು’ ಅವರ ‘ಓಪಿಯಾನ್’ಗೆ. ಭೇದಿಗೆ ಕ್ಲುಪ್ತವಾಗಿ ಹೇಳುವ ‘ಜುಲಾಬು’ ಪಾರ್ಸಿಯ ಗುಲಾಬಿನೀರಿನಿಂದ ಹುಟ್ಟಿದ ಪದ. ಸುಗಂಧ ಮತ್ತು ಮೂಲಿಕೆಗಳ ವ್ಯಾಪಾರಿಗೆ ಅರಬ್ಬಿಯಲ್ಲಿ ‘ಅತ್ತಾರ್’ ಎಂದು ಹೆಸರು. ‘ಅತ್ತಾರ’ ಎಂಬ ಅಡ್ಡಹೆಸರಿನ ಮನೆತನಗಳು ಈ ಜಿಲ್ಲೆಯಲ್ಲಿ ಸಾಮಾನ್ಯ.

ಈ ಪದಗಳು ಬಂದದ್ದು ವೈದ್ಯದ ಬಾಗಿಲಿನಿಂದ ಮಾತ್ರವಲ್ಲ. ಆಡಳಿತ, ಪೇಟೆ, ದಖ್ಖನಿ ನುಡಿ ಇವೂ ದಾರಿಗಳೇ, ಮತ್ತು ಮರಾಠಿಯಲ್ಲಿಯೂ ಇವು ಇವೆ. ಪದ ಉಳಿದ ಮಾತ್ರಕ್ಕೆ ಶಾಸ್ತ್ರ ಉಳಿಯಿತೆಂದೂ ಹೇಳಲಾಗದು. ಆದರೆ ಒಂದು ಅಂಶ ಖಚಿತ. ಈ ಸೀಮೆಯ ವೈದ್ಯ ಒಂದು ದ್ರವ್ಯವನ್ನು ಸಂಸ್ಕೃತದಲ್ಲಿ, ಕನ್ನಡದಲ್ಲಿ, ದಖ್ಖನಿಯಲ್ಲಿ, ಎಷ್ಟೋ ಸಲ ಮರಾಠಿಯಲ್ಲಿಯೂ ಹೆಸರಿಸಬಲ್ಲವನಾಗಿದ್ದ. ಓರ್ಟಾ ಗೋವೆಯಲ್ಲಿ ಪ್ರಯತ್ನಪೂರ್ವಕವಾಗಿ ಸಂಗ್ರಹಿಸಿದ ಬಹುಭಾಷಾ ನಾಮಾವಳಿ ಇಲ್ಲಿ ದಿನಬಳಕೆಯ ಮಾತಾಗಿತ್ತು. ಔಷಧಗ್ರಂಥದ ಸಂಪಾದಕನಿಗೆ ಇದಕ್ಕಿಂತ ಬೆಲೆಯುಳ್ಳ ಸಾಮಗ್ರಿ ಇನ್ನೊಂದಿಲ್ಲ.

ಕನ್ನಡದ ಸಂಪಾದಕರು ಈ ಸಾಮಗ್ರಿಯನ್ನು ಎಷ್ಟರಮಟ್ಟಿಗೆ ಬಳಸಿಕೊಂಡರೆಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಸುಮಾರು 1360ರ ಮೊದಲನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನು ಕುರಿತ ಕೃತಿ. ಮದರಾಸು ವಿಶ್ವವಿದ್ಯಾಲಯ ಇದನ್ನು ಎ. ವೆಂಕಟರಾವ್ ಮತ್ತು ಎಚ್. ಶೇಷ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ 1942ರಲ್ಲಿ ಪ್ರಕಟಿಸಿತು. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವೂ ಶೇಷ ಅಯ್ಯಂಗಾರ್ಯರಿಂದಲೇ ಸಂಪಾದಿತವಾಗಿ 1950ರಲ್ಲಿ ಮದರಾಸಿನಿಂದ ಬಂದಿತು. ಇಂಡಿಯಿಂದ ಭೀಮೆ ದಾಟಿದರೆ ಸಿಗುವ ಸೊಲ್ಲಾಪುರದಲ್ಲಿ ಉಗ್ರಾದಿತ್ಯನ ಸಂಸ್ಕೃತ ‘ಕಲ್ಯಾಣಕಾರಕ’ 1940ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳಿಂದ ಅಚ್ಚಾಯಿತು. ಈ ಮೂರೂ ಸಂಪಾದನೆಗಳಿಗೆ ಕನ್ನಡ ವಿದ್ವಲ್ಲೋಕ ಋಣಿಯಾಗಿದೆ. ಇವಿಲ್ಲದಿದ್ದರೆ ಚರ್ಚೆಗೆ ಆಧಾರವೇ ಇರುತ್ತಿರಲಿಲ್ಲ.

ಆದರೂ ‘ಖಗೇಂದ್ರಮಣಿದರ್ಪಣ’ದ ಅದೃಷ್ಟವನ್ನು 1499ರ ಆಲ್ಡಸ್ ಮುದ್ರಣದೊಡನೆ ಹೋಲಿಸಿ ನೋಡುವುದು ಉಪಯುಕ್ತ. ಡಯೋಸ್ಕೊರೈಡಿಸನ ಆ ಸಂಪುಟದಲ್ಲಿಯೇ ನಿಕಾಂಡರ್ ಎಂಬ ಗ್ರೀಕ್ ಕವಿಯ ಎರಡು ಕಾವ್ಯಗಳೂ ಅಚ್ಚಾದವು. ಒಂದು ವಿಷಜಂತುಗಳ ಕಡಿತವನ್ನು, ಇನ್ನೊಂದು ವಿಷಪ್ರಾಶನವನ್ನು ಕುರಿತದ್ದು. ಛಂದೋಬದ್ಧವಾದ ವಿಷವೈದ್ಯವನ್ನು ಆ ಮುದ್ರಕರು ಔಷಧಕೋಶದ ಪಕ್ಕದಲ್ಲಿ ಇಟ್ಟರು. ಕಾವ್ಯದಲ್ಲಿ ಬರುವ ಗಿಡದ ಹೆಸರನ್ನು ಅದೇ ಸಂಪುಟದ ಕೋಶದಲ್ಲಿ ಹುಡುಕಲು ಓದುಗನಿಗೆ ಅವಕಾಶವಾಯಿತು. ಮಂಗರಾಜನ ಕೃತಿ ಮಾತ್ರ ನಮ್ಮಲ್ಲಿ ಪ್ರಾಚೀನ ಕಾವ್ಯಗಳ ಸಾಲಿನಲ್ಲಿ ಕುಳಿತಿತು. ಕವಿಚರಿತೆಗಳು ಅವನ ಕಾಲ, ಮತ, ಗುರುಪರಂಪರೆಗಳನ್ನು ಚರ್ಚಿಸಿದವು; ಸಾಹಿತ್ಯಚರಿತ್ರೆಗಳು ಶಾಸ್ತ್ರಕಾವ್ಯವೆಂಬ ಶೀರ್ಷಿಕೆಯ ಕೆಳಗೆ ಒಂದೆರಡು ವಾಕ್ಯಗಳಲ್ಲಿ ಮುಗಿಸಿದವು. ಕಾವ್ಯಸಂಪಾದನೆಯ ಕ್ರಮ ಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುತ್ತದೆ. ಛಂದಸ್ಸಿಗೆ ಹೊಂದುವ, ವ್ಯಾಕರಣಕ್ಕೆ ಒಪ್ಪುವ ರೂಪ ಸಿಕ್ಕರೆ ಅದರ ಕೆಲಸ ಮುಗಿಯಿತು. ಪದ್ಯದ ‘ಬ್ರಾಹ್ಮಿ’ ಒಂದೆಲಗವೋ ನೀರುಬ್ರಾಹ್ಮಿಯೋ, ‘ಶಂಖಪುಷ್ಪಿ’ ವಿಷ್ಣುಕ್ರಾಂತಿಯೋ ಬಳ್ಳಿಯ ಶಂಖಪುಷ್ಪವೋ, ‘ರಾಸ್ನೆ’ ಉತ್ತರದವರದ್ದೋ ದಕ್ಷಿಣದವರದ್ದೋ ಎಂಬುದನ್ನು ಯಾವ ಪಾಠಾಂತರವೂ ಹೇಳಲಾರದು. ಎಲ್ಲ ಪ್ರತಿಗಳಲ್ಲಿಯೂ ಒಂದೇ ಪಾಠವಿರಬಹುದು. ಔಷಧ ಮಾತ್ರ ಎರಡಿರಬಹುದು. ಇಂತಹ ಕಡೆ ಕನ್ನಡದ ವೈದ್ಯಮುದ್ರಣಗಳು ಇಟಲಿಯ ಮಾನವತಾವಾದಿಗಳು ನಿಂತ ನೆಲೆಯಲ್ಲಿಯೇ ನಿಂತಿವೆ. ಪಾಠ ಶುದ್ಧ, ದ್ರವ್ಯ ಸಂದಿಗ್ಧ.

ಬಿಜಾಪುರ ಜಿಲ್ಲೆಯಲ್ಲಿ ಓಲೆಗರಿಯಿಂದ ಅಚ್ಚಿಗೆ ಹೋಗುವ ದಾರಿ ತೀರ ಬೇಗನೆ ತೆರೆದಿತ್ತು ಎಂಬುದು ಇಲ್ಲಿ ಸ್ಮರಣೀಯ. ಫ. ಗು. ಹಳಕಟ್ಟಿಯವರು 1925ರಲ್ಲಿ ಬಿಜಾಪುರದಲ್ಲಿಯೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಮನೆಮನೆ, ಮಠಮಠಗಳಿಂದ ಅವರು ಕೂಡಿಹಾಕಿದ ಕಟ್ಟುಗಳಿಂದ ವಚನಸಾಹಿತ್ಯ ಬೆಳಕಿಗೆ ಬಂದಿತು. ಬಸವಣ್ಣನ ಹೆಸರನ್ನೇ ಹೊತ್ತ ಬಾಗೇವಾಡಿಯ ಸೀಮೆಗೆ ಇದಕ್ಕಿಂತ ಹಿರಿದಾದ ಸೇವೆ ಸಲ್ಲಬೇಕಾಗಿರಲಿಲ್ಲ. ಆದರೆ ಒಂದೇ ಕಟ್ಟಿನಲ್ಲಿ ವಚನ, ಪುರಾಣ, ಜ್ಯೋತಿಷ, ವೈದ್ಯ, ಮಂತ್ರ ಕೂಡಿ ಬರುವುದು ಕನ್ನಡ ಹಸ್ತಪ್ರತಿಗಳ ಸಾಮಾನ್ಯ ಲಕ್ಷಣ. ಮುದ್ರಣಕ್ಕಾಗಿ ವಚನವನ್ನು ಬಿಡಿಸಿಕೊಂಡಾಗ ಪಕ್ಕದ ವೈದ್ಯದ ಗರಿಗಳು ಹಿಂದೆ ಉಳಿದವು. ಇದು ಹಳಕಟ್ಟಿಯವರ ಮೇಲಿನ ಆಕ್ಷೇಪವಲ್ಲ. ಅವರ ಗುರಿ ಬೇರೆಯಾಗಿತ್ತು, ಒಬ್ಬ ಮನುಷ್ಯನ ಆಯುಷ್ಯಕ್ಕೆ ಆ ಒಂದು ಗುರಿಯೇ ಹೆಚ್ಚು. ಆಕ್ಷೇಪ ಸಲ್ಲಬೇಕಾದುದು ಅನಂತರದ ದಶಕಗಳಿಗೆ. ಹಸ್ತಪ್ರತಿಸೂಚಿಗಳಲ್ಲಿ ‘ವೈದ್ಯಸಂಗ್ರಹ’, ‘ಅಪೂರ್ಣ’, ‘ಕರ್ತೃ ಅಜ್ಞಾತ’ ಎಂಬ ಒಂದು ಸಾಲಿನ ನಮೂದಿಗೆ ಈ ಗರಿಗಳು ಇಳಿದುಹೋದವು. ಕವಿಯ ಹೆಸರಿಲ್ಲದ, ಕಾವ್ಯಗುಣವಿಲ್ಲದ, ಯಾರೋ ಊರ ವೈದ್ಯ ತನ್ನ ಬಳಕೆಗೆ ಬರೆದುಕೊಂಡ ಯೋಗಗಳ ಪಟ್ಟಿಯನ್ನು ಸಂಪಾದಿಸಲು ಯಾವ ಮಾಲೆಯೂ ಮುಂದೆ ಬರಲಿಲ್ಲ.

ಈ ಉಪೇಕ್ಷೆ ಅರ್ಥವಾಗುವಂತಹದೇ. ಆದರೂ ಅದು ತಪ್ಪು. ಮಂಗರಾಜನಂತಹ ಶಾಸ್ತ್ರಕವಿ ಬಳಸುವುದು ಬಹುಮಟ್ಟಿಗೆ ನಿಘಂಟಿನ ಹೆಸರುಗಳನ್ನು. ಊರ ವೈದ್ಯನ ಪಟ್ಟಿಯಲ್ಲಿ ಇರುವುದು ಅಂಗಡಿಯಲ್ಲಿ ಕೇಳಿದರೆ ಸಿಗುವ, ಹೊಲದ ಬದುವಿನಲ್ಲಿ ತೋರಿಸಬಹುದಾದ ಹೆಸರು. ಒಬ್ಬನು ‘ಉನ್ಮತ್ತ’ವೆಂದರೆ ಇನ್ನೊಬ್ಬನು ‘ಮದಗುಣಕಿ’ ಎನ್ನುತ್ತಾನೆ. ಓರ್ಟಾನ ಸಂವಾದದಲ್ಲಿ ರುವಾನೊ ಮತ್ತು ಓರ್ಟಾ ಇಬ್ಬರೂ ಇರುವಂತೆ, ಕನ್ನಡ ವೈದ್ಯಗ್ರಂಥದ ಪ್ರೌಢ ಆವೃತ್ತಿಯಲ್ಲಿ ಈ ಎರಡೂ ದನಿಗಳು ಎದುರುಬದುರು ಕೂರಬೇಕಾಗುತ್ತದೆ. ಹಾಗೆ ಮಾಡುವಾಗ ಕ್ಲೂಸಿಯಸ್ಸನ ಅಚ್ಚುಕಟ್ಟುತನದ ಮೋಹವನ್ನು ಬಿಡಬೇಕು. ಯಾವ ಹೆಸರು ಯಾವ ಊರಿನ ಪ್ರತಿಯಲ್ಲಿದೆ, ಯಾವುದು ಈಗಲೂ ಬಳಕೆಯಲ್ಲಿದೆ, ಯಾವ ಗಿಡವನ್ನು ತೋರಿಸಿದರು, ಎಲ್ಲಿ ಇಬ್ಬರು ವೈದ್ಯರು ಬೇರೆ ಬೇರೆ ಗಿಡ ತೋರಿಸಿದರು ಎಂಬುದನ್ನು ತೀರ್ಪಿನ ಕೆಳಗೆ ಮುಚ್ಚಿಡದೆ ದಾಖಲಿಸಬೇಕು. 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆಯಂತಹ ಭಂಡಾರಗಳು ಪ್ರತಿಗಳನ್ನು ಒದಗಿಸಬಲ್ಲವು; ಗಿಡವನ್ನು ತೋರಿಸಬಲ್ಲವರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಹಳ್ಳಿಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವ ಹಿರಿಯ ವೈದ್ಯರು, ಹಕೀಮರು, ಅತ್ತಾರರು.

ತವಕ್ಷೀರದ ಮಾತಿಗೆ ಮರಳಿದರೆ ಈ ಕೆಲಸದ ತುರ್ತು ಸ್ಪಷ್ಟವಾಗುತ್ತದೆ. ದಕ್ಷಿಣದ ಮೂಲಿಕೆಯಂಗಡಿಗಳಲ್ಲಿ ‘ತವಕ್ಷೀರ’ ಎಂದು ಕೇಳಿದರೆ ಬಿದಿರಿನ ಹರಳಿಗೆ ಬದಲಾಗಿ ಕಾಡರಿಸಿನದ ಜಾತಿಯ ಗೆಡ್ಡೆಯಿಂದ ತೆಗೆದ ಬಿಳಿಯ ಹಿಟ್ಟನ್ನು ಕೊಡುವ ರೂಢಿಯೂ ಇದೆ. ಎರಡೂ ಬಿಳಿ, ಎರಡೂ ತಂಪೆಂದು ಪ್ರಸಿದ್ಧಿ. ಒಂದು ಸಿಲಿಕಾ, ಇನ್ನೊಂದು ಪಿಷ್ಟ. ಹೆಸರು ಹುಟ್ಟಿದ ನೆಲದಲ್ಲಿಯೇ, ಯಾವ ಜೆರಾರ್ಡನ ಅನುವಾದವೂ ನಡುವೆ ಬಾರದೆ, ಅದೇ ಪಲ್ಲಟ ಮತ್ತೊಮ್ಮೆ ನಡೆದಿದೆ. ವೈದ್ಯದ ಗರಿಯೊಂದರಲ್ಲಿ ‘ತವಕ್ಷೀರ’ ಎಂದು ಕಂಡಾಗ ಸಂಪಾದಕನು ಅರ್ಥಕೋಶದಲ್ಲಿ ‘ವಂಶಲೋಚನ’ ಎಂದು ಬರೆದು ಮುಂದೆ ಹೋಗುವುದು ಸುಲಭ. ಆ ಗರಿಯ ಅದೇ ಯೋಗದಲ್ಲಿ ಬಿದಿರುಪ್ಪಿನ ಹೆಸರು ಪ್ರತ್ಯೇಕವಾಗಿ ಬಂದಿದೆಯೇ, ಪ್ರಮಾಣ ಗುಂಜಿಯಲ್ಲಿದೆಯೋ ತೊಲೆಯಲ್ಲಿದೆಯೋ, ಹಾಲಿನಲ್ಲಿ ಕುದಿಸಿ ಗಟ್ಟಿಮಾಡಲು ಹೇಳಿದೆಯೋ ಬರಿಯ ಜೇನಿನಲ್ಲಿ ನೆಕ್ಕಲು ಹೇಳಿದೆಯೋ ಎಂಬುದನ್ನು ಅವನು ಮೊದಲು ನೋಡಬೇಕಾಗುತ್ತದೆ. ಕುದಿಸಿದರೆ ಗಂಜಿಯಾಗುವುದು ಗೆಡ್ಡೆಯ ಹಿಟ್ಟು, ಬಿದಿರಿನ ಹರಳಲ್ಲ.